ನೂರೆಂಬತ್ತು ಶಕ್ತಿಗಳು ಮತ್ತು ಕಾಕಾನ ಪಾಳಿ

ಅಥವಾ ಆ ಹಾಳೆಗಳು ಮೊದಲೇ ಹರಿದಿರಲಿಲ್ಲವೇನೋ, ನಾನೇ ಹರಿದಿದ್ದೆನೇನೋ. ಇಷ್ಟು ವರ್ಷ ಕೇಳಿದವರಿಗೆಲ್ಲ ಹೇಳಿಕೊಂಡು ಬಂದದ್ದು ಹೀಗೆ: ಮುಂಬಯಿಯ ಫೌಂಟನ್ ಹತ್ತಿರದ ಫುಟ್‌ಪಾತಿನಲ್ಲಿ ಕೊಂಡ, ಒಂದು ಆಟದ ನಿಯಮಗಳ ಆ ಹಳೆಯ ಇಂಗ್ಲಿಷ್ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ತಲೆಬರಹ ಒಂದೇ ಉಳಿದಿತ್ತು, ಮುಂದಿನ ಹಾಳೆಗಳು ಇರಲಿಲ್ಲ. ತಲೆಬರಹದ ಅರ್ಥ ಹೆಚ್ಚುಕಡಿಮೆ 'ಬೇಕೆನಿಸಿದರೆ ಸೇರಿಸಿಕೊಳ್ಳಬಹುದಾದ ವಿಶೇಷ ಶಕ್ತಿಗಳು' ಎಂದು. ಹಾಳೆ ಇಲ್ಲದ್ದರಿಂದ ಆ ಶಕ್ತಿಗಳನ್ನು ನಾವೇ ಬರೆದುಕೊಳ್ಳಬೇಕಾಯಿತು ಎಂಬುದು ನನ್ನ ಕಥೆ. ಕಥೆ ಬಹಳ ಅಚ್ಚುಕಟ್ಟಾಗಿದೆ. ಅಷ್ಟು ಅಚ್ಚುಕಟ್ಟಾಗಿರುವ ನೆನಪುಗಳ ಮೇಲೆ ನನಗೆ ನಂಬಿಕೆ ಇಲ್ಲ. ಅಲ್ಲಿ ಹತ್ತೋ ಹನ್ನೆರಡೋ ಶಕ್ತಿಗಳ ಪಟ್ಟಿ ಇದ್ದಿರಬಹುದು, ಅದು ನನಗೆ ಸಾಲದೆ ಹೋಗಿರಬಹುದು. ಏನೇ ಇರಲಿ, ನಾವು ಬರೆದೆವು. ನೂರೆಂಬತ್ತು ಬರೆದೆವು. ಅದರಲ್ಲಿ ನೂರಕ್ಕೂ ಹೆಚ್ಚು ನನ್ನವೇ. ಇದನ್ನು ನಾಚಿಕೆಯಿಂದ ಬರೆಯುತ್ತಿಲ್ಲ.

ನಾವು ನಾಲ್ವರೂ ವಿಕ್ರೋಳಿಯ ಒಂದು ಸಣ್ಣ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನವರು. ಸರಕು ಎತ್ತುವ ಚಿಕ್ಕ ಕ್ರೇನುಗಳ ಭಾಗಗಳು ಅಲ್ಲಿ ತಯಾರಾಗುತ್ತಿದ್ದವು. ಆ ಭಾಗಗಳು ಮೊದಲು ನಮ್ಮ ಮೇಜಿನ ಮೇಲೆ ಗೆರೆಗಳಾಗಿ ಹುಟ್ಟುತ್ತಿದ್ದವು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಶನಿವಾರ ಅರ್ಧ ದಿನ. ಒಂದೂವರೆಗೆ ಕೆಲಸ ಬಿಟ್ಟ ಮೇಲೆ ಪ್ರಿಂಟ್ ರೂಮಿನ ಉದ್ದ ಮೇಜು ನಮ್ಮದು. ನಕ್ಷೆಗಳ ಪ್ರತಿ ತೆಗೆಯುವ ಯಂತ್ರದ ಅಮೋನಿಯಾ ವಾಸನೆಗೆ ಹೆದರಿ ಬೇರೆ ಯಾರೂ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ನಮ್ಮ ಮೂಗು ಯಾವತ್ತೋ ಅದಕ್ಕೆ ಸೋತು ಸುಮ್ಮನಾಗಿತ್ತು.

ಆಟ ಸುಲಭ. ಮೇಜಿನ ಮೇಲೆ ಹಾಸು ಇಲ್ಲ, ಕಾಯಿ ಇಲ್ಲ. ಪ್ರತಿಯೊಬ್ಬರೂ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳಬೇಕು: ಒಬ್ಬ ಮಂತ್ರವಾದಿ, ಒಬ್ಬ ಬೇಟೆಗಾರ್ತಿ, ಹೀಗೆ. ಆಟ ನಡೆಸುವವನು, ಅಂದರೆ ನಾನು, ಅವರೆದುರು ಏನಿದೆ ಎಂದು ಹೇಳುತ್ತೇನೆ. ಕಾಡು, ಕೋಟೆ, ಕೊಳ್ಳ. ಅವರು ತಮ್ಮ ಮನುಷ್ಯ ಏನು ಮಾಡುತ್ತಾನೆ ಎಂದು ಹೇಳುತ್ತಾರೆ. ಕಷ್ಟದ ಕೆಲಸವಾದರೆ ಒಂದು ಅಂಕೆ ಎತ್ತಬೇಕು. ಪುಸ್ತಕ ಕೇಳಿದ ಇಪ್ಪತ್ತು ಮುಖದ ದಾಳ ಇಡೀ ಮುಂಬಯಿಯಲ್ಲಿ ನಮಗೆ ಸಿಗಲಿಲ್ಲ. ಕಾಲೊನಿಯ ಹೌಸಿ, ಅಂದರೆ ತಂಬೋಲಾ ಆಟದ ಡಬ್ಬದಿಂದ ಒಂದರಿಂದ ಇಪ್ಪತ್ತರವರೆಗಿನ ಬಿಲ್ಲೆಗಳನ್ನು ತಂದು ಬಟ್ಟೆಯ ಚೀಲಕ್ಕೆ ಹಾಕಿದೆ. ದೊಡ್ಡ ಅಂಕೆ ಬಂದರೆ ಗೆಲುವು. ನಡೆಸುವವನಿಗೆ ಪುಸ್ತಕ 'ಮಾಸ್ಟರ್' ಎನ್ನುತ್ತಿತ್ತು. ಕಾಕಾ ಅದನ್ನು 'ಮಾಸ್ತರ' ಮಾಡಿ ಎಲ್ಲರೆದುರು ನನ್ನನ್ನು ಕಾಡುತ್ತಿದ್ದರು.

ಕಾಕಾ ನಮ್ಮ ಆಫೀಸಿನ ಹಿರಿಯ ಟ್ರೇಸರ್. ಗದಗದ ಕಡೆಯವರು, ಮೂವತ್ತು ವರ್ಷಗಳಿಂದ ಪೆನ್ಸಿಲಿನ ನಕ್ಷೆಗಳನ್ನು ಶಾಯಿಯಲ್ಲಿ ಟ್ರೇಸಿಂಗ್ ಹಾಳೆಗೆ ಇಳಿಸುತ್ತಿದ್ದವರು. ಅವರ ಗೆರೆಯನ್ನು ಬೆರಳಿನಿಂದ ಸವರಿದರೆ ದಪ್ಪ ಎಲ್ಲೂ ಬದಲಾಗುತ್ತಿರಲಿಲ್ಲ. ಆಫೀಸಿನಲ್ಲಿ ಮರಾಠಿಯವರು, ಗುಜರಾತಿಯವರು, ಮ್ಯಾನೇಜರು, ಎಲ್ಲರಿಗೂ ಅವರು ಕಾಕಾ. ಆಟಕ್ಕೆ ಅವರು ಬಂದದ್ದು ನಮ್ಮ ಆಹ್ವಾನದಿಂದಲ್ಲ. ಒಂದು ಶನಿವಾರ ಮನೆಗೆ ಹೊರಟವರು ಮೇಜಿನ ಮೇಲೆ ನಾನು ಬರೆದ ಕಾಲ್ಪನಿಕ ರಾಜ್ಯದ ನಕ್ಷೆ ನೋಡಿ ನಿಂತರು.

"ಏನಪಾ ಇದು?"

"ಒಂದು ರಾಜ್ಯ, ಕಾಕಾ. ಸುಮ್ನೆ ಆಟಕ್ಕೆ."

"ಆಟಕ್ಕಾದ್ರೂ ಉತ್ತರ ದಿಕ್ಕು ಬ್ಯಾಡೇನು? ಈ ರಾಜ್ಯದಾಗಿನ ಮಂದಿ ಸೂರ್ಯ ಎಲ್ಲಿ ಹುಟ್ತಾನಂತ ಹೆಂಗ ತಿಳಕೋತಾರ?"

ಕುಳಿತು ಮೂಲೆಯಲ್ಲಿ ದಿಕ್ಕಿನ ಬಾಣ ಬರೆದರು. ಒಂದೂಮುಕ್ಕಾಲರ ಕಂಪನಿ ಬಸ್ಸು ಅವರನ್ನು ಬಿಟ್ಟು ಹೋಯಿತು. ಅವರಿದ್ದದ್ದು ಠಾಣೆ ಊರಿನ ಆಚೆ. ಆ ಕಡೆಗೆ ಮುಂದಿನ ಬಸ್ಸು ಓವರ್‌ಟೈಮಿನವರಿಗಾಗಿ ನಾಲ್ಕಕ್ಕೆ. ಅಂದಿನಿಂದ ನಮ್ಮ ಆಟದ ಗಡಿಯಾರವೂ ಅದೇ ಆಯಿತು. ಹಾರ್ನ್ ಕೇಳಿದರೆ ಕಾಕಾ ಎದ್ದುಬಿಡುತ್ತಿದ್ದರು.

ಅವರ ಮನುಷ್ಯ ಒಬ್ಬ ಕಾಲಾಳು. ಕೈಯಲ್ಲಿ ಕೋಲು, ಬೆನ್ನಿಗೆ ಬುತ್ತಿ. ಶಕ್ತಿಗಳ ಪಟ್ಟಿ ಹುಟ್ಟಿದ ಮೇಲೆ ಎಷ್ಟು ಹೇಳಿದರೂ ಒಂದನ್ನೂ ತೆಗೆದುಕೊಳ್ಳಲಿಲ್ಲ. "ಕೋಲ್ ಐತಲ್ಲ, ಸಾಕು," ಎನ್ನುತ್ತಿದ್ದರು.

ಉಳಿದಿಬ್ಬರಿಗೆ ಮಾತ್ರ ಸಾಕಾಗುತ್ತಿರಲಿಲ್ಲ. ಒಬ್ಬಳು ಖರ್ಚಿನ ಅಂದಾಜು ಹಾಕುವ ಎಸ್ಟಿಮೇಟಿಂಗ್ ಮೇಜಿನವಳು, ಉಡುಪಿ ಕಡೆಯ ಮನೆಯವಳು, ನಾಲಿಗೆ ಹರಿತ. ಅವಳದು ಬೇಟೆಗಾರ್ತಿ. ಇನ್ನೊಬ್ಬ ನನ್ನ ಪಕ್ಕದ ಬೋರ್ಡಿನ ಡ್ರಾಫ್ಟ್ಸ್‌ಮನ್, ನನ್ನ ವಯಸ್ಸಿನವ, ನನ್ನ ಹಾಗೆ ಚೆಂಬೂರಿನವ. ಅವನ ಕನ್ನಡ ಮನೆಯ ಹೊಸ್ತಿಲು ದಾಟಿದೊಡನೆ ಹಿಂದಿಯಾಗುತ್ತಿತ್ತು. ಅವನದು ಮಂತ್ರವಾದಿ.

ಈಗ ಪಟ್ಟಿಯ ವಿಷಯ. ಅದನ್ನು ಸುಮ್ಮನೆ ನೋಟ್‌ಬುಕ್ಕಿನಲ್ಲಿ ಗೀಚಿದ್ದರೆ ನಾವು ಆ ಆಫೀಸಿನವರೇ ಅಲ್ಲ. ದೊಡ್ಡ ಟ್ರೇಸಿಂಗ್ ಹಾಳೆಯ ಮೇಲೆ ಅಂಚಿನ ಗೆರೆ, ಕೆಳಗೆ ಬಲಮೂಲೆಯಲ್ಲಿ ಹೆಸರಿನ ಚೌಕ, ಬರೆದವರ, ತಪಾಸಿಸಿದವರ, ಒಪ್ಪಿದವರ ಸಹಿಗೆ ಮೂರು ಮನೆ, ಪ್ರತಿ ಶಕ್ತಿಗೂ ಕ್ರಮಸಂಖ್ಯೆ. ಹೊಸದು ಸೇರಿದಾಗಲೆಲ್ಲ ಪರಿಷ್ಕರಣೆಯ ಅಕ್ಷರ ಮುಂದಕ್ಕೆ: ಎ, ಬಿ, ಸಿ. ನಮ್ಮ ಕಸುಬಿನಲ್ಲಿ ಐ ಮತ್ತು ಓ ಬಿಡಬೇಕು, ಅವು ಒಂದು ಮತ್ತು ಸೊನ್ನೆಯಂತೆ ಕಾಣುತ್ತವೆ. ನಾವೂ ಬಿಟ್ಟೆವು. ಹೊಸ ಪ್ರತಿ ಬೇಕಾದರೆ ಹಳೆಯ ಪ್ರತಿ ಮರಳಿಸಬೇಕು, ಅದನ್ನು ಎದುರಿಗೇ ಹರಿಯಬೇಕು. ಅದನ್ನೂ ಪಾಲಿಸಿದೆವು. ಅಷ್ಟು ಶಿಸ್ತಿನ ಹುಚ್ಚಾಟವನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಕೆಲವು ಶಕ್ತಿಗಳು ಈಗಲೂ ಬಾಯಿಗೆ ಬರುತ್ತವೆ. ಬೆನ್ನಿನಿಂದ ನೋಡುವುದು. ನೆರಳನ್ನು ಅಲ್ಲೇ ಬಿಟ್ಟು ಓಡುವುದು. ಸುಳ್ಳು ಹೇಳಿದವನಿಗೆ ಬಿಕ್ಕಳಿಕೆ ತರಿಸುವುದು. ನಾಲ್ಕನೇ ಸೀಟು: ಲೋಕಲ್ ರೈಲಿನಲ್ಲಿ ಮಾಡುವಂತೆ, ಮೂವರು ಕೂತ ಯಾವ ಜಾಗದಲ್ಲೂ, ಸಿಂಹಾಸನವೇ ಆದರೂ, ಇನ್ನೊಬ್ಬನಾಗಿ ತೂರಿ ಕೂರುವುದು. ಕೊನೆಯದು ಚೆಂಬೂರಿನ ಗೆಳೆಯನದು. ಅದರ ಬಗ್ಗೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.

ತೊಂದರೆ ಶಕ್ತಿಗಳಲ್ಲಿ ಇರಲಿಲ್ಲ, ಒಂದಕ್ಕೊಂದು ತಾಗುವ ಜಾಗಗಳಲ್ಲಿ ಇತ್ತು. ಅರುವತ್ತೊಂದನೆಯ ಶಕ್ತಿ ಇದ್ದವನ ಮುಂದೆ ಹದಿನೇಳನೆಯದು ನಡೆಯದು, ಆದರೆ ನೂರಾ ನಾಲ್ಕು ಇದ್ದರೆ ನಡೆದೀತು, ರಾತ್ರಿಯಾದರೆ ಅದೂ ಇಲ್ಲ. ಬಾಗಿಲು ತೆರೆಯುವ ಮೊದಲು ಮಂತ್ರವಾದಿ ತನ್ನ ಇಪ್ಪತ್ತೆರಡು ಶಕ್ತಿಗಳನ್ನೂ ಮೇಲಿನಿಂದ ಕೆಳಗೆ ಓದುತ್ತಿದ್ದ. ಬೇಟೆಗಾರ್ತಿ ಹತ್ತೊಂಬತ್ತನ್ನು. ಯಾವುದನ್ನೂ ಬಿಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಇದ್ದೂ ಬಳಸದೆ ಸತ್ತರೆ ಎಂಬ ಹೆದರಿಕೆ.

"ರುಕೋ ರುಕೋ, ನನ್ದು ಎಪ್ಪತ್ತೇಳು ಇಲ್ಲಿ ಲಾಗೂ ಆಗ್ತದೆ, ಯಾರ್."

"ಎಂತ ಲಾಗೂ? ನಿಂದು ನೀರೊಳಗೆ ಮಾತ್ರ. ಓದ್ಲಿಕ್ಕೆ ಬರೂದಿಲ್ವಾ?"

"ಮಳೆ ಬರ್ತಾ ಇದೆ ಅಂತ ಬೋಲಾ ನಾ ಇವನು? ಮಳೆ ಮತ್ಲಬ್ ನೀರು."

"ಮಾರಾಯಾ, ಮಾಸ್ಟರಿಗೆ ಕೇಳು. ಮಳೆ ನೀರಾ?"

ಮಳೆ ನೀರೇ ಎಂದು ತೀರ್ಮಾನಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಹಿಡಿದಿರಬೇಕು. ಆ ಮುಕ್ಕಾಲು ಗಂಟೆ ನನಗೆ ಸಂತೋಷವಾಗಿತ್ತು ಎಂಬುದು ಮಾತ್ರ ಖಚಿತ. ನಾನು ಕಟ್ಟಿದ ಯಂತ್ರದ ಹಲ್ಲುಗಳು ಒಂದಕ್ಕೊಂದು ಕಚ್ಚಿ ತಿರುಗುತ್ತಿದ್ದವು.

ಆ ವೇಳೆಗೆ ಮೂವರ ಮನುಷ್ಯರೂ ಒಂದು ಕೊಳ್ಳದ ಅಂಚಿಗೆ ಬಂದಿದ್ದರು. ಕೊಳ್ಳಕ್ಕೆ ಮರದ ಸೇತುವೆ. ಸೇತುವೆಯ ನಡುವೆ ದಾರಿಗೆ ಅಡ್ಡ ನಿಂತ ಒಬ್ಬ ಕಲ್ಲಿನ ಮನುಷ್ಯ. ಮೊದಲು ಮಂತ್ರವಾದಿ, ಆಮೇಲೆ ಬೇಟೆಗಾರ್ತಿ, ಕೊನೆಗೆ ಕಾಲಾಳು: ಪಾಳಿ ಹೀಗಿತ್ತು. ಮೊದಲ ಶನಿವಾರ ಮಂತ್ರವಾದಿಯ ಲೆಕ್ಕಾಚಾರ ಮುಗಿಯುವ ಮೊದಲೇ ಹಾರ್ನ್ ಆಯಿತು. ಎರಡನೆಯ ಶನಿವಾರ ಬೇಟೆಗಾರ್ತಿಯದು ಮುಗಿಯಲಿಲ್ಲ. ಮೂರನೆಯ ಶನಿವಾರ ಹಿಂದಿನ ವಾರದ ತೀರ್ಮಾನ ತಪ್ಪೆಂದು ಮಂತ್ರವಾದಿ ಮತ್ತೆ ಆರಂಭಿಸಿದ.

ಆ ಮೂರನೆಯ ಶನಿವಾರ ಕಾಕಾ ಎದ್ದು ಅಂಗಿಯ ತೋಳು ಇಳಿಸುತ್ತಾ ಹೇಳಿದರು: "ನನ್ನ ಮನಿಶ್ಯಾ ಮೂರು ವಾರದಿಂದ ಸೇತುವಿ ಮುಂದ ನಿಂತಾನ. ಕಾಲು ಜೋಮ್ ಹಿಡದಾವ ಅವಂಗ."

ನಾವು ನಕ್ಕೆವು. ಅವರೂ ನಕ್ಕರು. ಬಾಗಿಲ ತನಕ ಹೋಗಿ ತಿರುಗಿದರು.

"ಈ ತಿಂಗಳ ಕಡೀಗೆ ನಂದು ರಿಟೈರ್ ಆಗ್ತೈತಿ. ಆಮ್ಯಾಲೆ ಸೊಲ್ಲಾಪುರಕ್ಕ, ಮಗಳ ಕಡೆ. ಇನ್ನ ಎರಡು ಶನಿವಾರ ಅದಾವ. ಅಷ್ಟ್ರಾಗ ಒಮ್ಮೆ ದಾಟಸ್ರಪಾ."

ಬೈಯುವಂತೆ ಹೇಳಲಿಲ್ಲ. ಲಿಫ್ಟಿನವನಿಗೆ ಮಹಡಿ ಹೇಳುವಂತೆ ಹೇಳಿದರು. ಅವರು ಹೋದ ಮೇಲೆ ಉಡುಪಿಯವಳು ನನ್ನ ಕಡೆ ತಿರುಗಿದಳು.

"ಮೂರು ವಾರದಿಂದ ಕಾಕಾ ಆಟದಲ್ಲಿ ಬಾಯಿ ತೆರಿಲಿಲ್ಲ. ನಿಂಗೆ ಗೊತ್ತಾಯ್ತಾ?"

"ನೀನೇ ಅಲ್ವಾ ಒಂದೂವರೆ ಗಂಟೆ ಪಟ್ಟಿ ಓದಿದ್ದು?"

"ಓದ್ಲಿಕ್ಕೆ ಕೊಟ್ಟದ್ದು ಯಾರು?"

ಆ ವಾರ ಪ್ರತಿ ಸಂಜೆ ಊಟದ ಮೇಜಿನ ಮೇಲೆ ಪಟ್ಟಿ ಹಾಸಿಕೊಂಡು ಕುಳಿತೆ. ಒಬ್ಬರಿಗೆ ಮೂರೇ ಶಕ್ತಿ ಎಂದು ತೀರ್ಮಾನಿಸಿದೆ. ಉಳಿದದ್ದೆಲ್ಲ ರದ್ದು. ನನ್ನ ನೂರು ಮಕ್ಕಳ ಕತ್ತು ನಾನೇ ಹಿಸುಕಿದೆ ಎಂಬ ತ್ಯಾಗದ ಭಾವ ಬೇರೆ.

ಆದರೆ ನಾವು ಡ್ರಾಯಿಂಗ್ ಆಫೀಸಿನವರು. ನಮ್ಮಲ್ಲಿ ರದ್ದಾದದ್ದನ್ನು ಅಳಿಸುವಂತಿಲ್ಲ. ಅದರ ಸಂಖ್ಯೆ ಅಲ್ಲೇ ಇರಬೇಕು, ಮೇಲೆ ಒಂದು ಗೆರೆ ಎಳೆಯಬೇಕು, ಪಕ್ಕದಲ್ಲಿ ರದ್ದು ಎಂದು ಬರೆದು ಯಾಕೆ, ಅದರ ಬದಲು ಯಾವುದು ಎಂದು ನಮೂದಿಸಬೇಕು. ಇಲ್ಲವಾದರೆ ಬೇರೆಲ್ಲೋ ಆ ಸಂಖ್ಯೆಯನ್ನು ನಂಬಿಕೊಂಡ ನಕ್ಷೆ ಅನಾಥವಾಗುತ್ತದೆ. ಹದಿನೇಳು ರದ್ದಾದರೆ ಹದಿನೇಳನ್ನು ತಡೆಯುತ್ತಿದ್ದ ಅರುವತ್ತೊಂದರ ಗತಿ ಏನು? ಅದಕ್ಕೊಂದು ಟಿಪ್ಪಣಿ. ಆ ಟಿಪ್ಪಣಿಗೆ ಅಡಿಟಿಪ್ಪಣಿ. ಕಡಿಮೆ ಮಾಡಲು ಕೂತವನು ಶುಕ್ರವಾರದ ಹೊತ್ತಿಗೆ ಎರಡನೆಯ ಹಾಳೆಗೆ ಹೋಗಿದ್ದೆ. ಬೇರೆ ಯಾವ ಕಸುಬಿನವರೂ ಇಂಥ ತಪ್ಪು ಮಾಡಲಾರರು. ಬಡಗಿಯಾಗಿದ್ದರೆ ಗರಗಸ ಎತ್ತಿಕೊಳ್ಳುತ್ತಿದ್ದ.

ನಾಲ್ಕನೆಯ ಶನಿವಾರ ಎರಡು ಹಾಳೆಗಳ ಪಟ್ಟಿ ಹಂಚಿದೆ. ಹಳೆಯ ಪ್ರತಿಗಳನ್ನು ಮರಳಿ ಪಡೆದು ಹರಿದೆವು. ಆಮೇಲೆ ಇಬ್ಬರೂ ತಮ್ಮ ಮೂರನ್ನು ಆರಿಸಲು ಕುಳಿತರು.

"ನಾಲ್ಕನೇ ಸೀಟು ಛೋಡೂಂಗಾ ನಹೀ," ಎಂದ ಗೆಳೆಯ. "ಅದು ನನ್ದು ಬಚ್ಚಾ."

"ಬಿಡ್ಬೇಡ. ಸೇತುವೆ ಮೇಲೆ ಯಾರ ಮಡಿಲಲ್ಲಿ ಕೂರ್ತಿ? ಕಲ್ಲಿನವನದಾ?"

ಗಂಟೆ ಎರಡಾಯಿತು, ಮೂರಾಯಿತು. ಆರಿಸಿದ ಮೂರಕ್ಕೆ ಅನ್ವಯವಾಗುವ ಟಿಪ್ಪಣಿಗಳನ್ನು ಓದಬೇಕಾಯಿತು. ಟಿಪ್ಪಣಿ ಓದಿದ ಮೇಲೆ ಆಯ್ಕೆ ಬದಲಾಯಿತು. ಕಾಕಾ ಕೈಕಟ್ಟಿ ಕುಳಿತಿದ್ದರು. ಒಮ್ಮೆ ನನ್ನ ಹೊಸ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಷರ ಛಲೋ ಬಿದ್ದಾವ, ಮಾಸ್ತರ," ಎಂದರು. ಹಾರ್ನ್ ಆಯಿತು. ಎದ್ದರು. ಈ ಸಲ ಕಾಲು ಜೋಮಿನ ಮಾತು ಆಡಲಿಲ್ಲ.

ಮುಂದಿನ ಉಪಾಯ ಯಾರದ್ದು ಎಂಬ ಬಗ್ಗೆ ಜಗಳ ಇದೆ. ನನ್ನದೆಂದು ನಾನು ನಂಬಿದ್ದೇನೆ. ಬಹಳ ವರ್ಷಗಳ ನಂತರ ಬೈಕುಲ್ಲಾ ಸ್ಟೇಷನ್ನಿನಲ್ಲಿ ಆಕಸ್ಮಿಕವಾಗಿ ಸಿಕ್ಕ ಉಡುಪಿಯವಳು, ರೈಲಿನ ಹೊತ್ತು ತೋರಿಸುವ ಇಂಡಿಕೇಟರಿನ ಕೆಳಗೆ ನಿಂತು, ಅದು ತನ್ನದೆಂದು ಖಡಾಖಂಡಿತವಾಗಿ ಹೇಳಿದಳು. ಬುಧವಾರ ಟೀ ಹೊತ್ತಿನಲ್ಲಿ ಹೇಳಿದ್ದಂತೆ. ನನಗೆ ಆ ಬುಧವಾರವೂ ನೆನಪಿಲ್ಲ, ಟೀಯೂ ನೆನಪಿಲ್ಲ. ಅವಳು ಹೇಳುವಾಗ ಅವಳ ಮುಖದಲ್ಲಿ ಇದ್ದದ್ದು ನನ್ನ ಮುಖದಲ್ಲಿ ಇರುವುದೇ: ಜಂಬ. ಇಬ್ಬರೂ ಇಟ್ಟುಕೊಳ್ಳೋಣ.

ಉಪಾಯ ಇಷ್ಟೇ. ಒಂದು ನಕ್ಷೆಯನ್ನು ತಿದ್ದಲಾಗದಷ್ಟು ತಿದ್ದಿದ ಮೇಲೆ ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಹೊಸ ಸಂಖ್ಯೆಯ ಹೊಸ ನಕ್ಷೆ ಬರೆದು, ಹಳೆಯದರ ಮೇಲೆ 'ಇದರ ಬದಲು ಇಂಥ ನಕ್ಷೆ ನೋಡಿ' ಎಂದು ಒಂದೇ ಸಾಲು ಹಾಕುವುದು. ಸಾಲು ಬಿದ್ದ ಮೇಲೆ ಒಳಗಿನ ಯಾವ ಟಿಪ್ಪಣಿಯೂ ಬದುಕುವುದಿಲ್ಲ. ಕೊನೆಯ ಶನಿವಾರದ ಬೆಳಿಗ್ಗೆ ನಾನು ಹೊಸ ನಕ್ಷೆ ಬರೆದೆ. ಅಂಚಿನ ಗೆರೆ. ಹೆಸರಿನ ಚೌಕ. ಸಂಖ್ಯೆ. ಹೆಸರು: ವಿಶೇಷ ಶಕ್ತಿಗಳು. ಪರಿಷ್ಕರಣೆ: ಎ. ಒಳಗೆ ಏನೂ ಇಲ್ಲ. ನಾಲ್ಕು ಪ್ರತಿ ತೆಗೆದೆ. ನನ್ನ ಹದಿನೆಂಟು ತಿಂಗಳ ದುಡಿಮೆ ಅಮೋನಿಯಾ ಯಂತ್ರದಿಂದ ಬೆಳ್ಳಗೆ ಹೊರಬಂತು. ನಾನು ಬರೆದ ನಕ್ಷೆಗಳಲ್ಲೆಲ್ಲ ಅತ್ಯುತ್ತಮವಾದದ್ದು ಅದೇ. ಹೀಗೆ ಹೇಳುವಾಗ ನಾನು ತಮಾಷೆ ಮಾಡುತ್ತಿಲ್ಲ.

ಪದ್ಧತಿಯಂತೆ ತಪಾಸಣೆಯ ಸಹಿಗೆ ಕಾಕಾನ ಮುಂದೆ ಇಟ್ಟೆ. ಕನ್ನಡಕ ಏರಿಸಿದರು. ನಾಲ್ಕೂ ಮೂಲೆ ನೋಡಿದರು. ಖಾಲಿ ಜಾಗವನ್ನೂ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ನೋಡಿದರು.

"ಸ್ಕೇಲ್ ಬರದಿಲ್ಲಲ್ಲೋ."

"ಒಳಗೆ ಏನೂ ಇಲ್ವಲ್ಲ, ಕಾಕಾ."

"ಏನೂ ಇಲ್ಲಂದ್ರೂ ಎಷ್ಟಕ್ಕ ಎಷ್ಟು ಅಂತ ಬರೀಬೇಕಲ್ಲ? ಒಂದಕ್ಕೊಂದು ಹಾಕು."

ಹಾಕಿದೆ. ಸಹಿ ಮಾಡಿದರು. ಗೆಳೆಯ ತನ್ನ ಹಳೆಯ ಪ್ರತಿಯನ್ನು ಕೊಡುವಾಗ ಒಮ್ಮೆ ಎದೆಗೆ ಒತ್ತಿಕೊಂಡ. ಹರಿದದ್ದು ಅವನೇ.

ಅಂದು ಮಂತ್ರವಾದಿಯ ಪಾಳಿ ಐದು ನಿಮಿಷದಲ್ಲಿ ಮುಗಿಯಿತು. ಎಲ್ಲ ಮಂತ್ರವಾದಿಗಳಿಗೂ ಪುಸ್ತಕವೇ ಕೊಡುವ ಮಾಮೂಲಿ ಬೆಂಕಿಯನ್ನು ಕಲ್ಲಿನವನಿಗೆ ಎಸೆದ, ಕಲ್ಲಿಗೆ ಏನೂ ಆಗಲಿಲ್ಲ. ಬೇಟೆಗಾರ್ತಿ ಬಾಣ ಬಿಟ್ಟಳು, ಅದು ತಾಗಿ ಕೆಳಗೆ ಬಿತ್ತು. ಗಂಟೆ ಎರಡೂಕಾಲಾಗುವಷ್ಟರಲ್ಲಿ ಕಾಕಾನ ಪಾಳಿ ಬಂದಿತ್ತು. ಅವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಸೇತುವಿ ಕಟಗೀದಂದಿ?"

"ಹೌದು."

"ಅಗಲ ಎಷ್ಟು?"

"ಇಬ್ಬರು ಪಕ್ಕಪಕ್ಕ ನಡೆಯುವಷ್ಟು."

"ಕಲ್ಲಿನಂವ ಎಷ್ಟು ಎತ್ತರ ಅದಾನ?"

"ಎರಡಾಳು."

ಪೆನ್ಸಿಲ್ ತೆಗೆದು ಮೇಲಿನಿಂದ ಕಾಣುವ ಪ್ಲಾನು, ಎದುರಿನಿಂದ ಕಾಣುವ ಎಲಿವೇಶನ್ ಎರಡೂ ಬರೆದರು. ಬರೆದು ಬಹಳ ಹೊತ್ತು ನೋಡಿದರು. "ಈ ಕಟಗಿ ಇಷ್ಟು ಭಾರ ತಡಿಯಂಗಿಲ್ಲ, ಮಾಸ್ತರ. ಮುರೀಬೇಕಿತ್ತು. ಮುರದಿಲ್ಲ. ಯಾಕ?"

ಯಾಕೆಂದರೆ ನಾನು ಅದನ್ನು ಯೋಚಿಸಿರಲಿಲ್ಲ.

"ಇರ್ಲಿ. ಅವಂಗೇ ಕೇಳ್ತೀನಿ," ಎಂದರು. ಕೋಲನ್ನು ಕೆಳಗಿಟ್ಟೆ ಎಂದು ಸನ್ನೆ ಮಾಡಿದರು. ಆಮೇಲೆ ನನ್ನ ಮುಖವನ್ನೇ ಕಲ್ಲಿನ ಮುಖವೆಂಬಂತೆ ನೋಡುತ್ತಾ, "ಏನಪಾ, ಎಷ್ಟು ವರ್ಷ ಆತು ಇಲ್ಲಿ ನಿಂತು? ಅಲುಗಾಡಿದ್ರ ಮುರೀತೈತಂತ ಹೆದರಿ ನಿಂತೀಯೇನು? ನಿಧಾನ ಒಂದೊಂದ ಹೆಜ್ಜಿ ಹಿಂದಕ್ಕ ಇಡು. ಅವಸರಿಲ್ಲ. ನಾ ಹೇಳ್ತೀನಿ, ಎಲ್ಲಿ ತೊಲಿ ಗಟ್ಟಿ ಐತಿ, ಅಲ್ಲಿ ಇಡು," ಎಂದರು.

ಉಡುಪಿಯವಳು ನಗಲು ಬಾಯಿ ತೆರೆದು ನಿಲ್ಲಿಸಿದಳು. ಒಂದು ಶಕ್ತಿಯೂ ಇಲ್ಲದ ಕಾಲಾಳು ತನ್ನ ಶತ್ರುವಿಗೆ ಎಲ್ಲಿ ಕಾಲಿಡಬೇಕೆಂದು ತೋರಿಸುತ್ತಾ ಸೇತುವೆ ದಾಟಿಸುತ್ತಿದ್ದ. ನೂರೆಂಬತ್ತರಲ್ಲಿ ನಾನು ಇದನ್ನು ಬರೆದಿರಲಿಲ್ಲ. ಬರೆಯುವ ಯೋಚನೆಯೂ ಬಂದಿರಲಿಲ್ಲ. ಆ ಮೇಜಿನಲ್ಲಿ ಆಟ ನಡೆಸುವವನು ನಾನಾಗಿದ್ದೆ ಎಂಬುದೇ ನನಗೆ ಸಾಕಾಗುವಷ್ಟು ದೊಡ್ಡ ಸಂಗತಿ.

ಬಿಲ್ಲೆ ಎತ್ತಿ ಎಂದೆ. ಹನ್ನೆರಡಕ್ಕಿಂತ ಮೇಲೆ ಬೇಕು. ಚೀಲಕ್ಕೆ ಕೈ ಹಾಕಿದರು. ಹದಿನಾಲ್ಕು ಬಂತು ಎಂದು ನನ್ನ ನೆನಪು. ಉಡುಪಿಯವಳು ಹದಿನೇಳು ಎನ್ನುತ್ತಾಳೆ. ಗೆಳೆಯ ಆಮೇಲೆ ಎಲ್ಲರಿಗೂ ಇಪ್ಪತ್ತು ಎಂದು ಹೇಳಿಕೊಂಡು ತಿರುಗಿದ. ಹನ್ನೆರಡಕ್ಕಿಂತ ಮೇಲೆ ಎಂಬುದರಲ್ಲಿ ಮೂವರೂ ಒಂದೇ. ಕಲ್ಲಿನವನು ಆಚೆ ದಡಕ್ಕೆ ಸರಿದ. ಕಾಲಾಳು ದಾಟಿದ. ಗೆಳೆಯ ಮೇಜು ಗುದ್ದಿ "ಕ್ಯಾ ಬಾತ್ ಹೈ, ಕಾಕಾ!" ಎಂದು ಕೂಗಿದ. ಸೆಟ್‌ಸ್ಕ್ವೇರ್ ಕೆಳಗೆ ಬಿತ್ತು.

ಕಾಕಾ ಮಾತ್ರ ಕೂಗಲಿಲ್ಲ. ತಮ್ಮ ಹಾಳೆಯಲ್ಲಿ ಸೇತುವೆಯ ಆಚೆ ತುದಿಯ ತನಕ ಗೆರೆ ಎಳೆದು, ಪೆನ್ಸಿಲ್ ಅಲ್ಲೇ ನಿಲ್ಲಿಸಿ, ತಲೆ ಎತ್ತಿದರು.

"ಆತು, ದಾಟಿದೆ. ಇನ್ನ ಈ ಕಡೆ ಏನ ಐತಿ?"

ಈ ಕಡೆ ಏನೂ ಇರಲಿಲ್ಲ. ಹದಿನೆಂಟು ತಿಂಗಳು ಪಟ್ಟಿಯ ಅಕ್ಷರ ತಿದ್ದುತ್ತಿದ್ದವನು ಸೇತುವೆಯ ಆಚೆ ಒಂದು ಮರವನ್ನೂ ನೆಟ್ಟಿರಲಿಲ್ಲ. ನಕ್ಷೆ ಅಲ್ಲಿಗೇ ಮುಗಿದಿತ್ತು. ಮೂವರೂ ನನ್ನನ್ನು ನೋಡುತ್ತಿದ್ದರು. ಹೊರಗೆ ಬಸ್ಸಿನ ಡ್ರೈವರ್ ಒಮ್ಮೆ ಹಾರ್ನ್ ಹೊಡೆದ, ಆಮೇಲೆ ಎರಡು ಸಲ. ಅಷ್ಟು ಬೇಗ ನಾಲ್ಕು ಆಗಿದ್ದು ಹೇಗೆ ಎಂದು ಕೇಳಬೇಡಿ, ಲೆಕ್ಕ ನನಗೂ ಕೂಡುವುದಿಲ್ಲ.

ನಾನು ಏನೋ ಹೇಳಿದೆ. ಪುಸ್ತಕ ತೆರೆಯಲಿಲ್ಲ, ಪಟ್ಟಿ ನೋಡಲಿಲ್ಲ, ತಡವರಿಸಲಿಲ್ಲ. ಆ ಕಡೆ ಇಂಥದ್ದು ಇದೆ ಎಂದು ಅವರ ಕಣ್ಣು ನೋಡಿ ಹೇಳಿದೆ. ಎರಡೋ ಮೂರೋ ವಾಕ್ಯ ಇರಬೇಕು. ಕಾಕಾ "ಹಾಂ" ಎಂದರು, ಹಾಗೆ ಇರುತ್ತದೆಂದು ತಮಗೆ ಮೊದಲೇ ಅಂದಾಜಿತ್ತು ಎನ್ನುವಂತೆ. ಅದನ್ನು ತಮ್ಮ ಹಾಳೆಯ ಕೊನೆಯಲ್ಲಿ ಆ ಸಮದಪ್ಪದ ಅಕ್ಷರದಲ್ಲಿ ಬರೆದುಕೊಂಡು, ನಾಲ್ಕಾಗಿ ಮಡಿಚಿ ಅಂಗಿಯ ಜೇಬಿಗೆ ಹಾಕಿ, ನನ್ನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಬಸ್ಸಿಗೆ ಓಡಿದರು. ಮುಂದಿನ ವಾರ ಅವರ ಬೋರ್ಡಿನ ಮೇಲೆ ಬೇರೊಬ್ಬರ ಕಾಗದ ಇತ್ತು.

ನಾನು ಏನು ಹೇಳಿದೆ ಎಂಬುದು ನನಗೆ ನೆನಪಿಲ್ಲ. ಉಡುಪಿಯವಳನ್ನು ಕೇಳಿದ್ದೇನೆ, ಅವಳಿಗೆ ಗೊತ್ತಿಲ್ಲ. ಗೆಳೆಯ ಒಂದು ಊರು ಎನ್ನುತ್ತಾನೆ, ಮರುಕ್ಷಣ ಒಂದು ನದಿ ಎನ್ನುತ್ತಾನೆ. ಸೊಲ್ಲಾಪುರದ ವಿಳಾಸ ನಮ್ಮಲ್ಲಿ ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಸೇತುವೆಯ ಆಚೆ ಏನಿತ್ತು ಎಂದು ನನಗೆ ಗೊತ್ತಿಲ್ಲ.